ಎಂ2 ಬಾಡಿ ಸಿಕ್ಕಿದೆ, 50ರ ಲೆನ್ಸ್ ಯಾವುದು ತಗೊಳ್ಳಲಿ? ಪ್ಲ್ಯಾನಾರ್, ಸೊನ್ನಾರ್, ಇಲ್ಲಾ ಹಳೇ ಕ್ಯಾನನ್?

ಅವರೆಕಾಳು_ಮೈಸೂರು
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಮೂವತ್ತು ವರ್ಷ ಜರ್ಮನಿಯಲ್ಲಿ ಇದ್ದವರು. ಈ ಸಲ ಬಂದಾಗ ಒಂದು ಹಳೇ ಲೈಕಾ ಎಂ2 ಫಿಲ್ಮ್ ಕ್ಯಾಮೆರಾ ಕೈಗಿಟ್ಟು, "ನನ್ನ ಕಣ್ಣಿಗೆ ಈಗ ಫೋಕಸ್ ಸಿಗಲ್ಲ ಕಣೋ, ನೀನೇ ಇಟ್ಕೋ" ಅಂದರು. ಬಾಡಿ ಮಾತ್ರ. ಲೆನ್ಸನ್ನು ಯಾವತ್ತೋ ಮಾರಿಬಿಟ್ಟಿದ್ದಾರಂತೆ. ಶಟರ್ ಚೆನ್ನಾಗಿ ಓಡುತ್ತಿದೆ. 1 ಸೆಕೆಂಡ್ ಮಾತ್ರ ಸ್ವಲ್ಪ ಎಳೆಯುತ್ತೆ, ಅದು ಆಮೇಲೆ ನೋಡೋಣ.

ಈಗ ಲೆನ್ಸ್ ಬೇಕು. ಒಂದೇ ಲೆನ್ಸ್. ಬಜೆಟ್ 80 ಸಾವಿರ. ಹೆಂಡತಿಗೆ 50 ಅಂತ ಹೇಳಿದ್ದೀನಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಓದಿ ಓದಿ ತಲೆ ಕೆಟ್ಟು ಮೂರಕ್ಕೆ ಬಂದು ನಿಂತಿದ್ದೀನಿ:

ಝೈಸ್ ಪ್ಲ್ಯಾನಾರ್ 50 ಎಂಎಂ ಎಫ್/2 (ಎಫ್ ನಂಬರ್ ಕಮ್ಮಿ ಇದ್ದಷ್ಟು ಬೆಳಕು ಜಾಸ್ತಿ), ಝೈಸ್ ಸಿ ಸೊನ್ನಾರ್ 50 ಎಫ್/1.5, ಇಲ್ಲಾ ಹಳೇ ಕ್ಯಾನನ್ 50 ಎಫ್/1.4 ಸ್ಕ್ರೂ ಮೌಂಟ್, ಅಡಾಪ್ಟರ್ ಹಾಕಿಕೊಂಡು.

ತೆಗೆಯೋದು ಮನೆ ಜನ, ಅಮ್ಮ, ಮಕ್ಕಳು, ಭಾನುವಾರ ದೇವರಾಜ ಮಾರ್ಕೆಟ್. ಕಪ್ಪು ಬಿಳುಪು 400 ಫಿಲ್ಮ್. ಸೊನ್ನಾರ್‌ನಲ್ಲಿ ತೆಗೆದ ಮುಖಗಳನ್ನು ನೋಡಿದರೆ ಮನಸ್ಸು ಅಲ್ಲೇ ನಿಂತುಬಿಡುತ್ತೆ. ಆದರೆ ಅದಕ್ಕೆ "ಫೋಕಸ್ ಶಿಫ್ಟ್" ಅನ್ನೋ ಕಾಯಿಲೆ ಇದೆ ಅಂತಾರೆ. ಏನದು? ಹೆದರಬೇಕಾ?

ಮೂವತ್ತೈದೇ_ಸಾಕು
35 ತಗೊಳ್ಳಿ. ಮುಗೀತು.

ಡಾರ್ಕ್‌ರೂಮ್_ಮೇಷ್ಟ್ರು
ಬಂದ ನೋಡಿ. ಅವರು ಕೇಳಿದ್ದು ಇಡ್ಲಿನಾ ದೋಸೆನಾ ಅಂತ, ನೀನು ಹೋಳಿಗೆ ಬಡಿಸ್ತಿದ್ದೀಯ.

ಮೂವತ್ತೈದೇ_ಸಾಕು
ಮೇಷ್ಟ್ರೇ, ಎಂ2 ಅನ್ನೋ ಕ್ಯಾಮೆರಾ ಹುಟ್ಟಿದ್ದೇ 35ಕ್ಕೋಸ್ಕರ. 1954ರ ಎಂ3 ಫೈಂಡರಿನಲ್ಲಿ ಫೋಟೋ ಅಂಚು ತೋರಿಸೋ ಗೆರೆ 50, 90, 135ಕ್ಕೆ ಮಾತ್ರ ಇತ್ತು. 35 ಹಾಕಬೇಕಂದ್ರೆ ಮುಂದೆ ಕನ್ನಡಕ ಕಟ್ಟಿದ ಲೆನ್ಸ್ ಬೇಕು. ಆ ಗೋಳು ಬೇಡ ಅಂತಲೇ ಎಂ2ನಲ್ಲಿ 35, 50, 90 ಕೊಟ್ಟರು. ಬರೀ 50 ಹಾಕೋದಾದರೆ ಎಂ3 ತಗೊಳ್ಳಿ, 0.91 ಫೈಂಡರ್ (ಹೆಚ್ಚುಕಮ್ಮಿ ಕಣ್ಣಿಗೆ ಕಾಣೋ ಅಳತೆಯಲ್ಲೇ ತೋರಿಸುತ್ತೆ), ಎರಡೂ ಕಣ್ಣು ಬಿಟ್ಟು ನೋಡಬಹುದು.

ಅವರೆಕಾಳು_ಮೈಸೂರು
ಸರ್, ಎಂ2 ನಾನು ತಗೊಂಡಿದ್ದಲ್ಲ. ಮಾವ ಕೊಟ್ಟಿದ್ದು. ವಾಪಸ್ ಕೊಟ್ಟು "ಎಂ3 ಇದ್ರೆ ಕೊಡಿ" ಅನ್ನಕ್ಕಾಗುತ್ತಾ? 😀

ಹುಬ್ಬಳ್ಳಿ_ಬಿಸಿಲು
ಎಂ2ನಲ್ಲಿ 50 ಹಾಕೋದ್ರಲ್ಲಿ ಒಂದು ಸುಖ ಐತ್ರೀ. ಗೆರೆ ಆಚೆ ಇನ್ನೂ ಜಾಗ ಕಾಣ್ತದ. ಸಂತ್ಯಾಗ ಯಾರು ಫ್ರೇಮಿನೊಳಗ ಬರಾಕತ್ತಾರ ಅನ್ನೋದು ಮೊದಲೇ ಗೊತ್ತಾಗ್ತದ. ಎಂ3ನಾಗ 50ರ ಗೆರೆ ಅಂಚಿಗೇ ಹತ್ತಿರ. ಕನ್ನಡಕ ಹಾಕ್ಕೊಂಡವರಿಗೆ ಮೂಲೆ ನೋಡೂದು ತ್ರಾಸ. ನನಗ ಎಂ2 + 50 ಬಾಳ ಸೇರ್ತದ.

ಡಾರ್ಕ್‌ರೂಮ್_ಮೇಷ್ಟ್ರು
ಸರಿ, ಫೋಕಸ್ ಶಿಫ್ಟ್ ಏನು ಅಂತ ಹೇಳ್ತೀನಿ. ಹೆದರಬೇಕಾಗಿಲ್ಲ, ಆದರೆ ಗೊತ್ತಿರಬೇಕು.

ಲೆನ್ಸಿನ ನಡು ಭಾಗದಿಂದ ಬರೋ ಬೆಳಕು, ಅಂಚಿನಿಂದ ಬರೋ ಬೆಳಕು ಒಂದೇ ಕಡೆ ಸೇರಬೇಕು. ಸೊನ್ನಾರ್ ಜಾತಿಯಲ್ಲಿ ಪೂರ್ತಿ ತೆರೆದಾಗ ಅವು ಒಂದೇ ಕಡೆ ಸೇರಲ್ಲ. ಅಪರ್ಚರ್ (ಬೆಳಕು ಬಿಡೋ ಕಂಡಿ) ಮುಚ್ಚುತ್ತಾ ಹೋದಂತೆ ಅಂಚಿನ ಬೆಳಕು ಕಡಿತವಾಗುತ್ತೆ, ಒಳ್ಳೆ ಫೋಕಸ್ ಇರೋ ಜಾಗ ನಿಧಾನವಾಗಿ ಹಿಂದಕ್ಕೆ ಸರಿಯುತ್ತೆ. ಎಸ್‌ಎಲ್‌ಆರ್ ಆದರೆ ಲೆನ್ಸಿನ ಮೂಲಕವೇ ನೋಡ್ತೀರಿ, ಪೂರ್ತಿ ತೆರೆದಾಗ ಎಲ್ಲಿದೆ ಅನ್ನೋದಾದರೂ ಕಾಣುತ್ತೆ. ರೇಂಜ್‌ಫೈಂಡರ್ (ನಿಮ್ಮ ಎಂ2 ಥರದ್ದು) ಲೆನ್ಸಿನ ಮೂಲಕ ನೋಡೋದೇ ಇಲ್ಲ. ಹಿಂದಿರೋ ಲೋಹದ ಬಳೆ ಎಷ್ಟು ಸರಿಯಿತು ಅಂತ ಮುಟ್ಟಿ ತಿಳಿಯುತ್ತೆ, ಅಷ್ಟೇ. ಒಳಗೆ ಗಾಜು ಏನು ಮಾಡ್ತಿದೆ ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ.

ಹಾಗಾಗಿ ಕಂಪನಿಯವರು ಒಂದು ಅಪರ್ಚರ್ ಆರಿಸಿ ಅದಕ್ಕೆ ಸರಿಯಾಗಿ ಕೂರಿಸಬೇಕು. ಸಿ ಸೊನ್ನಾರ್ ಮೊದಲು ಬಂದಾಗ ಎಫ್/2.8ಕ್ಕೆ ಕೂರಿಸಿದ್ದರು. 2.8ರಲ್ಲಿ ಸರಿ, 1.5ರಲ್ಲಿ ಫೋಕಸ್ ಸ್ವಲ್ಪ ಮುಂದೆ ಬೀಳುತ್ತೆ. ಆಮೇಲೆ 1.5ಕ್ಕೆ ಕೂರಿಸಿದವೂ ಬಂದವು. ಅವುಗಳಲ್ಲಿ 2.8, 4ರ ಹತ್ತಿರ ಸ್ವಲ್ಪ ಹಿಂದೆ ಬೀಳುತ್ತೆ. 5.6 ದಾಟಿದರೆ ಯಾರಿಗೂ ಗೊತ್ತಾಗಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡರೆ ನಿಮಗೆ ಸಿಗೋದು ಯಾವುದಕ್ಕೆ ಕೂರಿಸಿದ್ದು ಅಂತ ಕೇಳಿ. ಮಾರೋರಿಗೇ ಗೊತ್ತಿರಲ್ಲ ಅನ್ನೋದು ಬೇರೆ ವಿಷಯ.

ಸಿರ್ಸಿ_ಅಕ್ಕ
ನನ್ನ ಹತ್ತಿರ ಸೊನ್ನಾರ್ ಜಾತಿಯ ಒಂದು ಹಳೇ ಲೆನ್ಸ್ ಇದೆ. ಯಾರದ್ದು ಅಂತ ಬೇಡ. ಮೊದಲನೇ ರೋಲಿನಲ್ಲಿ ಅಜ್ಜಿಯ ಫೋಟೋ ತೆಗೆದೆ. ಜಗುಲಿ ಮೇಲೆ, ಸಂಜೆ ಬೆಳಕು, ಒಂದು ಮೀಟರ್ ದೂರ, ಪೂರ್ತಿ ತೆರೆದು. ಕಣ್ಣಿಗೆ ಫೋಕಸ್ ಮಾಡಿದ್ದೆ, ಆಣೆ ಮಾಡಿ ಹೇಳ್ತೀನಿ. ಪ್ರಿಂಟ್ ಬಂದಾಗ ಮೂಗುತಿಯ ಒಂದೊಂದು ಹರಳೂ ಎಣಿಸಬಹುದು. ಕಣ್ಣು ಮಾತ್ರ ಹಾಲು ಹಾಲು.

ಅಜ್ಜಿ ನೋಡಿ "ಮೂಗುತಿ ಚಂದ ಬಂದಿದೆ ಮಗಾ" ಅಂದಳು. ಅದೇ ಫೋಟೋ ಈಗ ಗೋಡೆ ಮೇಲಿದೆ. ಆಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಪ್ಯಾಚ್ (ಫೈಂಡರ್ ನಡುವಿನ ಚೌಕ, ಅದರಲ್ಲಿ ಎರಡು ಬಿಂಬ ಒಂದಾದರೆ ಫೋಕಸ್) ಕಣ್ಣಿನ ಮೇಲೆ ಕೂರಿಸಿ, ಆಮೇಲೆ ತಲೆಯನ್ನು ಕೂದಲೆಳೆಯಷ್ಟು ಮುಂದೆ ಬಾಗಿಸಿ ಒತ್ತೋದು. ಹತ್ತರಲ್ಲಿ ಏಳು ಸರಿ ಬರುತ್ತವೆ. ಸೊನ್ನಾರ್ ಮುಖ ಬೇಕು ಅಂದರೆ ಇಷ್ಟು ಹರಕೆ ಸಲ್ಲಿಸಬೇಕು.

ಡಿಜಿಟಲ್_ಪಾಪಿ
ಅಂದರೆ ಹತ್ತರಲ್ಲಿ ಮೂರು ವೇಸ್ಟ್. 36ರ ರೋಲಿಗೆ ಲೆಕ್ಕ ಹಾಕಿ ಅಕ್ಕ. ಈಗಿನ ಫಿಲ್ಮ್ ರೇಟಿಗೆ ಅದು ಒಂದು ಹೊತ್ತಿನ ಮೀನೂಟ.

ಸಿರ್ಸಿ_ಅಕ್ಕ
ನಾವು ಮೀನು ತಿನ್ನಲ್ಲ. ಉಳಿತಾಯ ಆಯ್ತಲ್ಲ, ಅದರಲ್ಲಿ ಫಿಲ್ಮ್.

ಕುಡ್ಲದ_ಮಳೆ
🤣🤣

ಡಾರ್ಕ್‌ರೂಮ್_ಮೇಷ್ಟ್ರು
ಲೆಕ್ಕ ಬೇಕಾದವರಿಗೆ. 50ರ ಲೆನ್ಸ್, 1 ಮೀಟರ್, ಎಫ್/1.5: ಶಾರ್ಪ್ ಆಗಿ ಕಾಣೋ ಆಳ ಒಟ್ಟು ಸುಮಾರು 3.5 ಸೆಂ.ಮೀ. ಎಫ್/2ರಲ್ಲಿ 4.5 ಹತ್ತಿರ. ಕಣ್ಣಿಂದ ಮೂಗಿನ ತುದಿಗೆ ಎಷ್ಟು ಅಂತ ಕನ್ನಡಿ ಮುಂದೆ ಅಳತೆ ಮಾಡಿಕೊಳ್ಳಿ. ಅಜ್ಜಿ ಮೂಗುತಿ ಕಥೆ ಅಲ್ಲೇ ಇದೆ.

ಮೂವತ್ತೈದೇ_ಸಾಕು
35 ಎಫ್/2ನಲ್ಲಿ ಅದೇ 1 ಮೀಟರಿಗೆ 9 ಸೆಂ.ಮೀ ಮೇಲೆ ಸಿಗುತ್ತೆ. ಸುಮ್ನೆ ಹೇಳ್ತಿದ್ದೀನಿ.

ಸಿರ್ಸಿ_ಅಕ್ಕ
ಹೌದಪ್ಪ, ಜೊತೆಗೆ ಅಜ್ಜಿ ಹಿಂದಿನ ಹಾಳೆ ಚಪ್ಪರ, ಬಕೆಟ್ಟು, ಟಿವಿ ಡಿಶ್ಶು, ಎಲ್ಲಾ ಸಿಗುತ್ತೆ.

ನಲವತ್ತರ_ಹರೆಯ
ಯಾರೂ 40ರ ಬಗ್ಗೆ ಮಾತೇ ಎತ್ತಲಿಲ್ಲ. 24×36 ಫಿಲ್ಮ್ ಫ್ರೇಮಿನ ಕರ್ಣ 43.3 ಎಂಎಂ. ಲೆಕ್ಕದ ಪ್ರಕಾರ "ನಾರ್ಮಲ್" ಅಂದರೆ ಅದು. 50 ಅನ್ನೋದು ಲೈಕಾ ಶುರುವಾದಾಗಿಂದ ಬಂದ ಅಭ್ಯಾಸ, ಅಷ್ಟೇ. 1973ರಲ್ಲಿ ಲೈಕಾದವರೇ ಮಿನೋಲ್ಟಾ ಜೊತೆ ಸೇರಿ ಸಿಎಲ್ ಕ್ಯಾಮೆರಾ ಮಾಡಿದಾಗ 40 ಎಫ್/2 ಸಮ್ಮಿಕ್ರಾನ್-ಸಿ ಕೊಟ್ಟರು. ಅಂಗೈಯಷ್ಟು ಲೆನ್ಸ್. ಒಳ್ಳೇದು ಸಿಕ್ಕರೆ ಇವರ ಬಜೆಟ್ಟಿನಲ್ಲೇ ಬರುತ್ತೆ.

ಹುಬ್ಬಳ್ಳಿ_ಬಿಸಿಲು
ಅಲ್ರೀ, ಎಂ2ನಾಗ 40ರ ಗೆರೆ ಎಲ್ಲಿ ಐತಿ? ಅದನ್ನ ಹಾಕಿದರ 50ರ ಗೆರೆ ಬರ್ತದ. ನಮ್ಮ ಅಣ್ಣನ ಮದುವ್ಯಾಗ ಹಂಗ ತಗದಿದ್ದೆ. ಮದುಮಕ್ಕಳನ್ನ ಗೆರೆಯೊಳಗ ಚಂದ ಕೂರಿಸಿದ್ದೆ. ಫೋಟೋದಾಗ ಅರ್ಧ ಕಾಕಾ, ಕಾಲು ಭಾಗ ಜನರೇಟರ್, ಮತ್ತ ಊಟಕ್ಕ ಓಡಿ ಹೊಂಟ ಹುಡುಗ.

ನಲವತ್ತರ_ಹರೆಯ
ಮೌಂಟಿನ ಒಂದು ಕಿವಿಯನ್ನು ಸ್ವಲ್ಪ ಅರದಿಂದ ಉಜ್ಜಿದರೆ 35ರ ಗೆರೆ ಬರುತ್ತೆ. ಬಹಳ ಜನ ಮಾಡ್ತಾರೆ.

ಡಾರ್ಕ್‌ರೂಮ್_ಮೇಷ್ಟ್ರು
ಐವತ್ತು ವರ್ಷದ ಲೆನ್ಸಿಗೆ ಅರ ಹಾಕೋ ಮಾತು ಈ ಎಳೆಯಲ್ಲಿ ಬೇಡ. ನನಗೆ ಬಿಪಿ ಇದೆ.

ಸ್ಟುಟ್‌ಗಾರ್ಟ್_ಕನ್ನಡಿಗ
ನನ್ನ ಹತ್ತಿರ ಪ್ಲ್ಯಾನಾರ್ ಇದೆ, ಎಂಟು ವರ್ಷದಿಂದ. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ ಅನ್ನೋದೇ ಅದರ ಗುಣ. ಎಫ್/2ರಲ್ಲೂ ಶಾರ್ಪ್, ಮೂಲೆ ಚೆನ್ನಾಗಿದೆ, ಎದುರು ಬಿಸಿಲಿಗೂ ಹೆದರಲ್ಲ, ಅಪರ್ಚರ್ ಮೂರನೇ ಒಂದು ಸ್ಟಾಪಿಗೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಟಿಕ್ ಟಿಕ್ ಅನ್ನುತ್ತೆ. ಫೋಕಸ್ ಬಳೆ ಮೇಲೆ ಒಂದು ಸಣ್ಣ ಗುಬುಟು ಇದೆ. ಬೆರಳಿಗೆ ಅದು ಸಿಕ್ಕಿದರೆ ನೋಡದೆಯೇ ಎಷ್ಟು ದೂರಕ್ಕಿದೆ ಅಂತ ಅಂದಾಜಾಗುತ್ತೆ. ಝೈಸ್ ಅಂತ ಹೆಸರು, ತಯಾರಿ ಜಪಾನಿನ ಕೋಸಿನಾದವರದ್ದು. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

ಒಂದೇ ದೂರು: ಒಮ್ಮೊಮ್ಮೆ ತೀರಾ ಸಾಚಾ ಅನ್ನಿಸುತ್ತೆ. ನನ್ನ ಮುಖದ ಮೊಡವೆ ಕಲೆಗಳನ್ನೂ ಬಿಡದೆ ದಾಖಲಿಸುತ್ತೆ.

ಅವರೆಕಾಳು_ಮೈಸೂರು
ಸಾಚಾ ಲೆನ್ಸು! ಅಮ್ಮನಿಗೆ ಇಷ್ಟ ಆಗಲ್ಲ. ಹೋದ ವರ್ಷ ಸ್ಟುಡಿಯೋದವನು ಮುಖ ನುಣ್ಣಗೆ ಮಾಡಿ ಕೊಟ್ಟಿದ್ದನ್ನೇ ಎಲ್ಲರಿಗೂ ತೋರಿಸ್ತಾ ಇರ್ತಾಳೆ.

ಕ್ಯಾನನ್ ಬಗ್ಗೆ ಯಾರಾದರೂ?

ರೀಲ್_ರಂಗ
ಕ್ಯಾನನ್ 50 ಎಫ್/1.4 ಸ್ಕ್ರೂ ನನ್ನದು. 1950ರ ದಶಕದ ಕೊನೆಯ ವಿನ್ಯಾಸ. ಒಳ್ಳೇ ಮಾಲು ಸಿಕ್ಕಿದರೆ ಕಣ್ಣು ಮುಚ್ಚಿ ತಗೊಳ್ಳಿ. ಪೂರ್ತಿ ತೆರೆದಾಗ ಮೆತ್ತಗೆ, 2.8ಕ್ಕೆ ಬಂದರೆ ಗಟ್ಟಿ. ಆದರೆ "ಒಳ್ಳೇ ಮಾಲು" ಅನ್ನೋದನ್ನ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಅದರ ತಮ್ಮ 1.8 ಇದೆಯಲ್ಲ, ಅದರಲ್ಲಿ ಅಪರ್ಚರ್ ಹಿಂದಿನ ಗಾಜಿಗೆ ಮಂಜು ಕೂರೋದು ಬಹಳ ಸಾಮಾನ್ಯ. ಬಿಟ್ಟರೆ ಗಾಜನ್ನೇ ತಿನ್ನುತ್ತೆ. ಒರೆಸಿದರೆ ಹೋಗಲ್ಲ.

ನೋಡೋ ವಿಧಾನ: ಅಪರ್ಚರ್ ಪೂರ್ತಿ ತೆರೆಯಿರಿ. ಕತ್ತಲೆ ಕೋಣೆ. ಹಿಂದಿನಿಂದ ಟಾರ್ಚ್ ಬಿಡಿ, ನೇರವಾಗಿ ಅಲ್ಲ, ಓರೆಯಾಗಿ. ಮುಂದಿನಿಂದ ನೋಡಿ. ಒಳ್ಳೇ ಲೆನ್ಸಿನಲ್ಲಿ ಒಂದೆರಡು ಧೂಳಿನ ಚುಕ್ಕೆ ಕಾಣುತ್ತೆ, ಅಷ್ಟೇ. ಕೆಟ್ಟಿದ್ದು ಚಳಿಗಾಲದ ಬೆಳಿಗ್ಗೆ ಬಸ್ಸಿನ ಗಾಜಿನ ಥರ ಬೆಳ್ಳಗೆ ಹೊಳೆಯುತ್ತೆ. ಮಾರೋರು ಹಾಕೋ ಫೋಟೋದಲ್ಲಿ ಇದು ಕಾಣಲ್ಲ, ಹಗಲು ಬೆಳಕಿನಲ್ಲಿ ಮುಂದಿನಿಂದ ತೆಗೆದಿರ್ತಾರೆ. ಟಾರ್ಚ್ ವಿಡಿಯೋ ಕೇಳಿ. ಕೊಡಲ್ಲ ಅಂದರೆ ಅದೇ ಉತ್ತರ.

ಕುಡ್ಲದ_ಮಳೆ
ಫಂಗಸ್ ಕೂಡ ನೋಡಿ ಮಾರಾಯ್ರೆ. ಜೇಡರ ಬಲೆ ಹಾಗೆ ಕಾಣ್ತದೆ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಸ್ಟ್ ಬರ್ತದೆ, ಲೆನ್ಸ್ ಬಿಡ್ತದಾ? ಹಳೇ ಲೆನ್ಸ್ ಅಂದರೆ ಅರ್ಧ ಮದುವೆ, ಅರ್ಧ ಆಸ್ಪತ್ರೆ.

ಸಿರ್ಸಿ_ಅಕ್ಕ
ಬೂಸ್ಟ್ ಅಲ್ಲ, ಬೂಷ್ಟು. ಬೂಸ್ಟ್ ಹಾಲಿಗೆ ಹಾಕೋದು.

ಕುಡ್ಲದ_ಮಳೆ
ಫೋನಿನ ಕೀಬೋರ್ಡ್ ಅಕ್ಕ 🙏

ಡಿಜಿಟಲ್_ಪಾಪಿ
ಅಕ್ಕಿ ಡಬ್ಬದಲ್ಲಿ ಇಟ್ಟರೆ ಫಂಗಸ್ ಬರಲ್ಲ. ನಮ್ಮ ಮಾಮ ಹಾಗೇ ಇಡ್ತಿದ್ದರು.

ಕುಡ್ಲದ_ಮಳೆ
ಅಕ್ಕಿ ಬೇಡ. ಹಿಟ್ಟಿನ ಧೂಳು ಬಳೆ ಒಳಗೆ ಹೋಗ್ತದೆ. ಅದೇ ಫಂಗಸ್ಸಿಗೆ ಊಟ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಹತ್ತಿರ ಒಂದು ಚಿಕ್ಕ ತೇವ ಮೀಟರ್. 40ರಿಂದ 50 ಇದ್ದರೆ ಸಾಕು. ನೀಲಿ ಮಣಿ ಗುಲಾಬಿ ಆದರೆ ಬಾಣಲೆಯಲ್ಲಿ ಹುರಿದು ಮತ್ತೆ ಹಾಕೋದು. ಅಡುಗೆ ಬಾಣಲೆ ಅಲ್ಲ, ಬೇರೆಯದ್ದು! ಲೆದರ್ ಕೇಸಿನಲ್ಲಿ ಮಾತ್ರ ಇಡಲೇಬೇಡಿ. ಚರ್ಮ ತೇವ ಹಿಡಿದುಕೊಳ್ತದೆ. ನಮ್ಮ ಅಪ್ಪ ಕಬಾಟಿನ ಒಳಗೆ ಝೀರೋ ಬಲ್ಬ್ ಉರಿಸಿ ಇಡ್ತಿದ್ದರು. ಅದೂ ಕೆಲಸ ಮಾಡ್ತದೆ. ಮೈಸೂರಿನವರಿಗೆ ಅಷ್ಟೊಂದು ಚಿಂತೆ ಇಲ್ಲ ಬಿಡಿ.

ಡಾರ್ಕ್‌ರೂಮ್_ಮೇಷ್ಟ್ರು
ಝೀರೋ ಬಲ್ಬ್ ಅಂದ ಕೂಡಲೇ ನೆನಪಾಯಿತು. ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಅದಕ್ಕೆ ಕೆಂಪು ಕಾಗದ ಸುತ್ತಿ ಡಾರ್ಕ್‌ರೂಮ್ ದೀಪ ಮಾಡಿದ್ದರು. ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಬ್ರ್ಯಾಂಡಿನ ಫಿಲ್ಮ್, ಅದೇ ಬ್ರ್ಯಾಂಡಿನ ಪೇಪರ್. ಕ್ಯಾಮೆರಾಗೆ ಇದ್ದದ್ದು ಒಂದೇ 50. ಯಾವ 50 ಅಂತ ಯಾರೂ ಕೇಳ್ತಿರಲಿಲ್ಲ, ಬೇರೆ ಇದೆ ಅಂತಲೇ ಗೊತ್ತಿರಲಿಲ್ಲ.

ಮೂವತ್ತೈದೇ_ಸಾಕು
ಮೇಷ್ಟ್ರು ಫ್ಲ್ಯಾಶ್‌ಬ್ಯಾಕಿಗೆ ಹೋದರು. ಯಾರಾದರೂ ಕಾಫಿ ಕೊಡಿ.

ಡಿಜಿಟಲ್_ಪಾಪಿ
ಇಷ್ಟೆಲ್ಲಾ ಯಾಕೆ? ರಷ್ಯಾದ ಜುಪಿಟರ್-8 ತಗೊಂಡುಬಿಡಿ. 50 ಎಫ್/2, ಅದೂ ಸೊನ್ನಾರ್ ನಕಲೇ. ಇವರ ಬಜೆಟ್ಟಿನಲ್ಲಿ ಎಂಟು ಬರುತ್ತೆ, ಕೇರಂ ಆಡಬಹುದು.

ರೀಲ್_ರಂಗ
ಜುಪಿಟರ್ ಚಂದದ ಲೆನ್ಸ್, ಇಲ್ಲ ಅನ್ನಲ್ಲ. ಲೈಕಾ ಬಾಡಿಗೆ ಹಾಕಿದರೆ ಮಾತ್ರ ಒಂದು ತೊಡಕಿದೆ. ಲೈಕಾದವರಿಗೆ 50 ಅಂದರೆ ನಿಜದಲ್ಲಿ 51.6 ಎಂಎಂ. ಝೈಸ್ ಕಂಪನಿಯ ಕಾಂಟ್ಯಾಕ್ಸ್ ಕ್ಯಾಮೆರಾ ಲೆಕ್ಕದಲ್ಲಿ 52.4. ಯುದ್ಧ ಮುಗಿದ ಮೇಲೆ ಸೋವಿಯತ್‌ನವರು ಝೈಸ್ ವಿನ್ಯಾಸ ಒಯ್ದು ಅದೇ ಅಳತೆ ಮುಂದುವರಿಸಿದರು. ಇನ್ಫಿನಿಟಿಗೆ (ಬಹಳ ದೂರಕ್ಕೆ) ಸರಿ ಕೂರಿಸಿದರೆ ಹತ್ತಿರದಲ್ಲಿ ತಪ್ಪುತ್ತೆ. 1 ಮೀಟರಿನಲ್ಲಿ ಫೋಕಸ್ ಸುಮಾರು 3 ಸೆಂ.ಮೀ ಹಿಂದೆ. ಅವರದ್ದೇ ಝೋರ್ಕಿ, ಫೆಡ್ ಬಾಡಿಯಲ್ಲಿ ಇಷ್ಟು ತೊಂದರೆ ಇಲ್ಲ. ಎಫ್/5.6ರಲ್ಲಿ ಮಾರ್ಕೆಟ್ ತೆಗೆದರೆ ಗೊತ್ತೂ ಆಗಲ್ಲ. ಅಮ್ಮನ ಮುಖ ಎಫ್/2ರಲ್ಲಿ ಅಂದರೆ ಕಷ್ಟ.

ಸಿರ್ಸಿ_ಅಕ್ಕ
ನನ್ನ ಅಜ್ಜಿದು ಮೂಗುತಿ ಶಾರ್ಪ್ ಬಂತು, ಇದರಲ್ಲಿ ಜಡೆ ಶಾರ್ಪ್ ಬರುತ್ತೆ.

ನಲವತ್ತರ_ಹರೆಯ
ಸೊನ್ನಾರ್ ಇಷ್ಟು ಕಷ್ಟ ಕೊಡುತ್ತೆ ಅಂದರೆ ಯಾಕೆ ಮಾಡಿದರು ಅದನ್ನ?

ಡಾರ್ಕ್‌ರೂಮ್_ಮೇಷ್ಟ್ರು
ಒಳ್ಳೇ ಪ್ರಶ್ನೆ. 1930ರ ದಶಕದ ಶುರುವಿನಲ್ಲಿ ಲುಡ್ವಿಗ್ ಬರ್ಟೆಲೆ ಅನ್ನೋ ಮಹಾನುಭಾವ ಝೈಸ್‌ಗೆ ಮಾಡಿದ್ದು. ಆಗ ಗಾಜಿಗೆ ಕೋಟಿಂಗ್ ಇರಲಿಲ್ಲ. ಗಾಳಿ-ಗಾಜು ಸೇರೋ ಒಂದೊಂದು ಮೇಲ್ಮೈಯಲ್ಲೂ ಬೆಳಕು ಸ್ವಲ್ಪ ಹಿಂದಕ್ಕೆ ಚಿಮ್ಮಿ ಫೋಟೋ ಮಬ್ಬಾಗೋದು. ಪ್ಲ್ಯಾನಾರ್ ವಿನ್ಯಾಸ 1896ರಷ್ಟು ಹಳೇದು, ಆದರೆ ಅದರಲ್ಲಿ ಅಂಥ ಮೇಲ್ಮೈ ಎಂಟು. ಬರ್ಟೆಲೆ ಗಾಜುಗಳನ್ನು ಅಂಟಿಸಿ ಅಂಟಿಸಿ ಮೂರು ಗುಂಪು ಮಾಡಿ ಆರಕ್ಕೆ ಇಳಿಸಿದ. 1.5ರಷ್ಟು ತೆರೆದ ಲೆನ್ಸಿನಲ್ಲೂ ಕಪ್ಪು ಕಪ್ಪಾಗೇ ಬಂತು. ಆಮೇಲೆ ಕೋಟಿಂಗ್ ಬಂದ ಮೇಲೆ ಎಂಟು ಮೇಲ್ಮೈ ದೊಡ್ಡ ಸಮಸ್ಯೆ ಆಗಲಿಲ್ಲ. ಪ್ಲ್ಯಾನಾರ್ ಜಾತಿ ಎದ್ದು ಕೂತಿತು. ನಿಮ್ಮ ಪಟ್ಟಿಯಲ್ಲಿರೋ ಕ್ಯಾನನ್ 1.4, ಲೈಕಾದ ಸಮ್ಮಿಕ್ರಾನ್, ಎಲ್ಲಾ ಆ ಜಾತಿಯವೇ. ಸೊನ್ನಾರ್ ಉಳಿದಿರೋದು ಅದರ ಮುಖಕ್ಕೆ ಮನಸ್ಸು ಕೊಟ್ಟವರಿಂದ.

ಸ್ಟುಟ್‌ಗಾರ್ಟ್_ಕನ್ನಡಿಗ
ಮಾತು ಎಲ್ಲೋ ಹೋಯಿತು. ಅವರೆಕಾಳು ಅವರೇ, ನೀವು ಒಂದು ವಿಷಯ ನೋಡಿಲ್ಲ ಅನ್ನಿಸುತ್ತೆ. ಎಷ್ಟು ಹತ್ತಿರ ಹೋಗಬಹುದು ಅನ್ನೋದು. ಪ್ಲ್ಯಾನಾರ್ 0.7 ಮೀಟರ್. ಸಿ ಸೊನ್ನಾರ್ 0.9. ಕ್ಯಾನನ್ 1 ಮೀಟರ್. ಕೇಳೋಕೆ ಸಣ್ಣದು. ಆದರೆ 1 ಮೀಟರಿನಲ್ಲಿ ಫ್ರೇಮಿನ ಅಗಲ ಸುಮಾರು 65 ಸೆಂ.ಮೀ. 0.7ರಲ್ಲಿ 43. ಊಟದ ಟೇಬಲ್ ಆಚೆ ಕೂತ ಮಗು, ಅಡುಗೆಮನೆ ಕಟ್ಟೆ ಹತ್ತಿರ ನಿಂತ ಅಮ್ಮ, ಇವೆಲ್ಲಾ ಒಂದು ಮೀಟರ್ ಒಳಗೇ ಇರೋದು. ಮನೆ ಒಳಗೆ ತೆಗೆಯೋರಿಗೆ ಇದು ಎಫ್ ನಂಬರಿಗಿಂತ ಜಾಸ್ತಿ ಮುಖ್ಯ. ಎಂ2 ರೇಂಜ್‌ಫೈಂಡರ್ 0.7ರವರೆಗೂ ಕೆಲಸ ಮಾಡುತ್ತೆ, ಬಳಸಿಕೊಳ್ಳಿ.

ಅವರೆಕಾಳು_ಮೈಸೂರು
ಇದನ್ನ ನಿಜವಾಗ್ಲೂ ಯೋಚನೆ ಮಾಡಿರಲಿಲ್ಲ. ನಮ್ಮ ಅಡುಗೆಮನೆ 8 ಅಡಿ ಅಗಲ. ಅದರಲ್ಲಿ ಗ್ರೈಂಡರ್ ಒಂದೂವರೆ ಅಡಿ.

ಆದರೆ ರಾತ್ರಿ ಟ್ಯೂಬ್‌ಲೈಟಿನಲ್ಲಿ ಎಫ್/2 ಸಾಲುತ್ತಾ? 1.5ಕ್ಕೂ 2ಕ್ಕೂ ಎಷ್ಟು ವ್ಯತ್ಯಾಸ?

ರೀಲ್_ರಂಗ
ಒಂದು ಸ್ಟಾಪಿಗೂ ಸ್ವಲ್ಪ ಕಮ್ಮಿ. 400 ಫಿಲ್ಮ್, ಸಾಧಾರಣ ಮನೆ ಬೆಳಕಿಗೆ ಎಫ್/2, 1/30 ಬರುತ್ತೆ. ರೇಂಜ್‌ಫೈಂಡರಿನಲ್ಲಿ ಕನ್ನಡಿ ಏಳಲ್ಲ, ಉಸಿರು ಹಿಡಿದು 1/30 ಆರಾಮಾಗಿ ತೆಗೀಬಹುದು. ಕತ್ತಲೆ ಜಾಸ್ತಿ ಅಂದರೆ 800ಕ್ಕೆ ಪುಶ್ ಮಾಡಿ (800 ಅಂತ ತೆಗೆದು, ತೊಳೆಯೋವಾಗ ಹೊತ್ತು ಜಾಸ್ತಿ ಕೊಡೋದು). ಹಗಲು ಹೊತ್ತು ಉಲ್ಟಾ ಕಷ್ಟ. ಬಿಸಿಲಿನಲ್ಲಿ 400ಕ್ಕೆ ಎಫ್/16, 1/500. ನಿಮ್ಮ ಶಟರ್ 1/1000ಕ್ಕೆ ನಿಲ್ಲುತ್ತೆ. ಮಾರ್ಕೆಟ್ಟಿನಲ್ಲಿ 1.5 ತೆರೆಯೋ ಯೋಗ ಬರೋದೇ ಇಲ್ಲ.

ಮೂವತ್ತೈದೇ_ಸಾಕು
8 ಅಡಿ ಅಡುಗೆಮನೆ ಅಂತ ಅವರೇ ಹೇಳ್ತಿದ್ದಾರೆ. ಇನ್ನೂ 50 ಅಂತೀರಲ್ಲ!

ಡಾರ್ಕ್‌ರೂಮ್_ಮೇಷ್ಟ್ರು
ಫ್ರಾನ್ಸಿನ ದೊಡ್ಡ ಫೋಟೋಗ್ರಾಫರ್ ಕಾರ್ಟಿಯೇ-ಬ್ರೆಸೋನ್ ಜೀವನದ ಬಹುಪಾಲು 50ರಲ್ಲೇ ತೆಗೆದ. 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿಯ ಕೊನೆಯ ದಿನಗಳನ್ನು ತೆಗೆದವನು.

ಮೂವತ್ತೈದೇ_ಸಾಕು
ಅವನಿಗೆ ಹಿಂದೆ ಹೋಗೋಕೆ ಜಾಗ ಇತ್ತು ಮೇಷ್ಟ್ರೇ. ನಮ್ಮ ಓಣಿಯಲ್ಲಿ ಎರಡು ಹೆಜ್ಜೆ ಹಿಂದೆ ಹೋದರೆ ಚರಂಡಿ.

ಹುಬ್ಬಳ್ಳಿ_ಬಿಸಿಲು
ಜಗಳ ಬ್ಯಾಡ್ರೀ. ಪುಕ್ಕಟೆ ಪರೀಕ್ಷೆ ಹೇಳ್ತೀನಿ. ಫೋನಿನ ಮುಖ್ಯ ಕ್ಯಾಮೆರಾ 24ರಿಂದ 26 ಎಂಎಂ ಲೆಕ್ಕ ಇರ್ತದ. 2ಎಕ್ಸ್ ಇಟ್ಟರ ಸುಮಾರು 50 ಆತು. ಒಂದು ವಾರ ಬರೇ 2ಎಕ್ಸ್‌ನಾಗ ತಗೀರಿ. ಸಾಲೂದಿಲ್ಲ ಅನ್ಸಿದರ 35ಕ್ಕ ಹೋಗ್ರಿ. ಏನೂ ಅನ್ಸಲಿಲ್ಲ ಅಂದರ ನೀವು 50ರ ಮನಷ್ಯಾ.

ಅವರೆಕಾಳು_ಮೈಸೂರು
ಇದು ಚೆನ್ನಾಗಿದೆ. ಮಾಡಿ ಹೇಳ್ತೀನಿ.

ನಲವತ್ತರ_ಹರೆಯ
ಫೋಕ್ಟ್‌ಲೆಂಡರ್ ನಾಕ್ಟನ್ 50 ಎಫ್/1.5 ಯಾಕೆ ಪಟ್ಟಿಯಲ್ಲಿಲ್ಲ? ಅದೂ ಕೋಸಿನಾದ್ದೇ. 0.7ಕ್ಕೂ ಹೋಗುತ್ತೆ, ಶಿಫ್ಟ್ ತಲೆನೋವೂ ಅಷ್ಟಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ
ಎಂ ಮೌಂಟಿನ ಹೊಸದು ಹೋಗುತ್ತೆ. ಹಳೇ ಸ್ಕ್ರೂ ಮೌಂಟಿನದ್ದು ದೊಡ್ಡದು, ಹುಡ್ ಹಾಕಿದರೆ ಫೈಂಡರಿನ ಬಲಗಡೆ ಕೆಳ ಮೂಲೆ ನುಂಗುತ್ತೆ. ಎಂ2ನಲ್ಲಿ ಆ ಮೂಲೆಯಲ್ಲೇ ಯಾವಾಗಲೂ ಮಗುವಿನ ಕಾಲಿರುತ್ತೆ.

ಅವರೆಕಾಳು_ಮೈಸೂರು
ವಾರ ಕಳೀತು. ಫೋನ್ 2ಎಕ್ಸ್ ಪರೀಕ್ಷೆ ಪಾಸ್. ಹಳೇ ಫೋಟೋಗಳನ್ನೂ ತೆಗೆದು ನೋಡಿದೆ, ಅರ್ಧಕ್ಕರ್ಧ ಕ್ರಾಪ್ ಮಾಡಿದ್ದೀನಿ. 50ರ ಮನಷ್ಯಾನೇ ಅಂತ ಖಾತ್ರಿ ಆಯ್ತು. (35ರವರೇ ಕ್ಷಮಿಸಿ.)

ಇನ್ನೊಂದು ತಪ್ಪೂ ಮಾಡಿದೆ. ಗೆಳೆಯನೊಬ್ಬ ಅವನ ಕ್ಯಾನನ್ 1.4 ನಾಲ್ಕು ದಿನಕ್ಕೆ ಕೊಟ್ಟ. ಆನ್‌ಲೈನಿನಲ್ಲಿ ಅಗ್ಗದ ಅಡಾಪ್ಟರ್ ತರಿಸಿದೆ. ಹಾಕಿ ಟೆರೇಸಿಗೆ ಹೋಗಿ ಚಾಮುಂಡಿ ಬೆಟ್ಟದ ಗೋಪುರ ನೋಡಿದರೆ, ಇನ್ಫಿನಿಟಿಗೆ ಪೂರ್ತಿ ತಿರುಗಿಸಿದರೂ ಎರಡು ಗೋಪುರ! ಒಂದಾಗೋದೇ ಇಲ್ಲ. ರೇಂಜ್‌ಫೈಂಡರ್ ಕೆಟ್ಟಿತು ಅಂತ ಮಾವನಿಗೆ ಫೋನ್ ಮಾಡಿ ಅರ್ಧ ಗಂಟೆ ಗೋಳಾಡಿದೆ.

ರೀಲ್_ರಂಗ
ಅಡಾಪ್ಟರ್ ದಪ್ಪ ಜಾಸ್ತಿ ಇರುತ್ತೆ. ಮೌಂಟಿನಿಂದ ಫಿಲ್ಮಿಗೆ ಇರೋ ದೂರ ಸ್ಕ್ರೂನಲ್ಲಿ 28.8 ಎಂಎಂ, ಎಂ ಮೌಂಟಿನಲ್ಲಿ 27.8. ಅಡಾಪ್ಟರ್ ಕರಾರುವಾಕ್ಕಾಗಿ 1 ಎಂಎಂ ಇರಬೇಕು. ಅದರ ಮೇಲೆ ಒಂದು ಕೂದಲು ಜಾಸ್ತಿ ಆದರೂ ಇನ್ಫಿನಿಟಿ ತಪ್ಪುತ್ತೆ. ಇನ್ನೊಂದು: ಅಡಾಪ್ಟರಿನಲ್ಲಿ ಮೂರು ಬಗೆ ಇದೆ. 50-75 ಅಂತ ಬರೆದಿರೋದೇ ತಗೊಳ್ಳಬೇಕು. ಬೇರೆಯದ್ದು ಹಾಕಿದರೆ ಬೇರೆ ಗೆರೆ ಬರುತ್ತೆ.

ಡಾರ್ಕ್‌ರೂಮ್_ಮೇಷ್ಟ್ರು
ಅವರೆಕಾಳು, ಬೆಂಗಳೂರಿಗೆ ಬಂದರೆ ಜಯನಗರಕ್ಕೆ ಬನ್ನಿ. ನನ್ನ ಹತ್ತಿರ ಸಿ ಸೊನ್ನಾರ್ ಇದೆ, ಪಕ್ಕದ ಬೀದಿ ಗೆಳೆಯರ ಹತ್ತಿರ ಪ್ಲ್ಯಾನಾರ್. ಫಿಲ್ಮ್ ಬೇಡ. ಎಂ2 ಕೆಳಗಿನ ತಟ್ಟೆ ಬಿಚ್ಚಿ, ಹಿಂದಿನ ಬಾಗಿಲು ಎತ್ತಿ, ಫಿಲ್ಮ್ ಕೂರೋ ಜಾಗಕ್ಕೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ, ಶಟರ್ ಬಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರೋದು) ಇಟ್ಟು ಕೇಬಲ್ಲಿನಿಂದ ತೆರೆದು ನೋಡೋಣ. ನಿಮ್ಮ ಬಾಡಿಗೆ ಯಾವ ಲೆನ್ಸ್ ಎಲ್ಲಿ ಬೀಳುತ್ತೆ ಅಂತ ಅಂದಾಜು ಸಿಗುತ್ತೆ. ಕಾಫಿ ನನ್ನ ಕಡೆಯಿಂದ.

ಕುಡ್ಲದ_ಮಳೆ
ಮೇಷ್ಟ್ರು ನಮ್ಮನ್ನು ಯಾವತ್ತೂ ಕರೀಲಿಲ್ಲ.

ಡಾರ್ಕ್‌ರೂಮ್_ಮೇಷ್ಟ್ರು
ನೀನು ಬರೋವಾಗ ಫಂಗಸ್ ತರ್ತೀಯ ಅಂತ ಭಯ.

ಅವರೆಕಾಳು_ಮೈಸೂರು
ಹೋಗಿಬಂದೆ. ಮೇಷ್ಟ್ರ ಮನೆಯಲ್ಲಿ ಮೂರು ಗಂಟೆ. ಕಾಫಿ ಎರಡು ಸಲ, ಕೋಡುಬಳೆ ಲೆಕ್ಕ ಇಟ್ಟಿಲ್ಲ.

ಗೋಡೆಗೆ ಓರೆಯಾಗಿ ಒಂದು ಪೇಪರ್ ಅಂಟಿಸಿ, ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು, ಟ್ರೇಸಿಂಗ್ ಪೇಪರ್ ಮೇಲೆ ಭೂತಗನ್ನಡಿ ಇಟ್ಟು ನೋಡಿದೆ. ತಲೆಕೆಳಗಾದ ಪುಟ್ಟ ಪೇಪರ್. ಸೊನ್ನಾರ್ 1.5ರಲ್ಲಿ ನಾನು ಪ್ಯಾಚ್ ಕೂರಿಸಿದ ಸಾಲು ಬಿಟ್ಟು ಅದರ ಮುಂದಿನ ಸಾಲು ಶಾರ್ಪ್. 2.8ಕ್ಕೆ ತಿರುಗಿಸುತ್ತಾ ಇದ್ದಂತೆ ಸರಿಯಾದ ಸಾಲು ಮೆಲ್ಲಗೆ ಎದ್ದು ಬಂತು. ಓದಿದ್ದು ಬೇರೆ, ಕಣ್ಣಾರೆ ನೋಡಿದ್ದು ಬೇರೆ. ಪ್ಲ್ಯಾನಾರ್‌ನಲ್ಲಿ ಎಲ್ಲಿ ಇಟ್ಟೆನೋ ಅಲ್ಲೇ ಇತ್ತು.

ಆಮೇಲೆ ಮೇಷ್ಟ್ರ ಹೆಂಡತಿ ಕೋಡುಬಳೆ ತಂದಿಡುವಾಗ ಎರಡೂ ಲೆನ್ಸಿನಲ್ಲಿ ಅವರ ಕೈ ನೋಡಿದೆ. ಸೊನ್ನಾರ್ 0.9ಕ್ಕೆ ನಿಂತಿತು, ಕುರ್ಚಿ ಹಿಂದೆ ಸರಿಸಬೇಕಾಯಿತು. ಪ್ಲ್ಯಾನಾರ್ ಕೂತಲ್ಲೇ ಸಿಕ್ಕಿತು. ಅಲ್ಲಿಗೆ ತೀರ್ಮಾನ ಆಯಿತು. ಸೊನ್ನಾರ್ ಮುಖದ ಆಸೆ ಇನ್ನೂ ಹೋಗಿಲ್ಲ, ಸುಳ್ಳು ಹೇಳಲ್ಲ. ಸೆಕೆಂಡ್ ಹ್ಯಾಂಡ್ ಪ್ಲ್ಯಾನಾರ್ ಒಂದು ಸಿಕ್ಕಿತು, ಟಾರ್ಚ್ ವಿಡಿಯೋ ತರಿಸಿಕೊಂಡೇ ತಗೊಂಡೆ.

ಮೂವತ್ತೈದೇ_ಸಾಕು
ಅಭಿನಂದನೆ. ಎರಡು ವರ್ಷ ಬಿಟ್ಟು "35 ಯಾವುದು ತಗೊಳ್ಳಲಿ" ಅಂತ ಬರ್ತೀರಿ, ಕಾಯ್ತಿರ್ತೀನಿ.

ಸಿರ್ಸಿ_ಅಕ್ಕ
ಹೆಂಡತಿಗೆ ಎಷ್ಟು ಅಂತ ಹೇಳಿದಿರಿ?

ಅವರೆಕಾಳು_ಮೈಸೂರು
ಅಕ್ಕ, ಅವಳು ಈ ಎಳೆ ಓದಿಬಿಟ್ಟಿದ್ದಾಳೆ.

ಡಿಜಿಟಲ್_ಪಾಪಿ
😂😂😂 ಮುಗೀತು ಕಥೆ

ಅವರೆಕಾಳು_ಮೈಸೂರು
ಮೊದಲ ರೋಲ್ ತೊಳೆದು ಬಂತು. 36ರಲ್ಲಿ ನಾಲ್ಕು ಚೆನ್ನಾಗಿವೆ. ಆರು ಫ್ರೇಮ್ ಲೆನ್ಸ್ ಕ್ಯಾಪ್ ತೆಗೆಯದೇ ಹೊಡೆದಿದ್ದೆ, ಫೈಂಡರಿನಲ್ಲಿ ಗೊತ್ತೇ ಆಗಲ್ಲವಲ್ಲ. ಒಂದರಲ್ಲಿ ಅಮ್ಮ ಅಡುಗೆಮನೆ ನೆಲದಲ್ಲಿ ಕೂತು ಅವರೆಕಾಳು ಹಿಸುಕ್ತಾ ಇದ್ದಾಳೆ. ಎಫ್/2, 1/30, 0.7.

ಸಿರ್ಸಿ_ಅಕ್ಕ
ಮೂಗುತಿ?

ಅವರೆಕಾಳು_ಮೈಸೂರು
ಮೂಗುತಿ ಮಸುಕು. ಬಳೆ, ಬೆರಳು, ಕಾಳಿನ ಮೇಲಿನ ನೀರು ಶಾರ್ಪ್. ತಲೆ ಎತ್ತಮ್ಮಾ ಅಂದರೆ "ಕಾಳು ಯಾರು ಹಿಸುಕ್ತಾರೆ, ನಿಮ್ಮ ಮಾವನಾ?" ಅಂದಳು.

ಹುಬ್ಬಳ್ಳಿ_ಬಿಸಿಲು
ಫೋಟೋ ಹಾಕ್ರೀ.

ಡಿಜಿಟಲ್_ಪಾಪಿ
ಆ ಕೆಟ್ಟ ಅಡಾಪ್ಟರ್ ಏನು ಮಾಡಿದಿರಿ? ಹತ್ತಿರದ್ದು ಮಾತ್ರ ತೆಗೆಯೋಕೆ ನನಗೆ ಸಾಕು. ಕೊರಿಯರ್ ಖರ್ಚು ನಾನು ಕೊಡ್ತೀನಿ.